ಮನೋರೋಗ ವಾರ್ಡಿನ ಇಪ್ಪತ್ತನಾಲ್ಕು ಗಂಟೆ

ಬೆಳಗಿನ ಜಾವ ಮೂರು ಗಂಟೆ. ಗಂಡಸರ ಮನೋರೋಗ ವಾರ್ಡಿನಲ್ಲಿ ದೀಪಗಳೆಲ್ಲ ಆರಿವೆ, ಸಿಸ್ಟರ್ ಮೇಜಿನ ಮೇಲಿನದೊಂದು ಬಿಟ್ಟು. ಮೂಲೆಯ ಮಂಚದ ಹುಡುಗ ಎದ್ದು ಕೂತು, ಗೋಡೆಯ ಕಡೆ ತಿರುಗಿ ಯಾರಿಗೋ ಉತ್ತರ ಕೊಡುತ್ತಿದ್ದಾನೆ. ಅವನ ಪಕ್ಕದ ಮಂಚದ ನಡುವಯಸ್ಸಿನವರು ಕಣ್ಣು ತೆರೆದುಕೊಂಡೇ ಮಲಗಿದ್ದಾರೆ. ನಿನ್ನೆಯೂ ಇದೇ ಹೊತ್ತಿಗೆ ಅವರಿಗೆ ಎಚ್ಚರವಾಗಿತ್ತು. ಕುಡಿತ ಬಿಡಿಸಲು ಎರಡು ದಿನದ ಹಿಂದೆ ಸೇರಿಸಿದವರು ನಡುಗುವ ಕೈಯಿಂದ ಹಾಸಿಗೆಯ ಮೇಲೆ ಇಲ್ಲದ ಹುಳಗಳನ್ನು ಹೆಕ್ಕಿ ಎಸೆಯುತ್ತಿದ್ದಾರೆ.

ಸಿಸ್ಟರ್ ಮೊದಲು ಹೋಗುವುದು ಈ ಮೂರನೆಯವರ ಬಳಿಗೆ. ನಾಡಿ, ಬಿಪಿ, ಮೈಬಿಸಿ ನೋಡಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಆಮೇಲೆ ಸ್ಟೂಲ್ ಎಳೆದುಕೊಂಡು ಹುಡುಗನ ಪಕ್ಕ ಕೂರುತ್ತಾರೆ. ನಿದ್ದೆ ಬಾರದವರ ಹತ್ತಿರ ಎರಡು ಮಾತಾಡಿ, ಅವರ ಕೇಸ್ ಶೀಟಿನಲ್ಲಿ ಒಂದು ಸಾಲು ಬರೆದಿಡುತ್ತಾರೆ.

ಒಂಬತ್ತು ಗಂಟೆಗೆ ವೈದ್ಯರು ರೌಂಡ್ಸಿಗೆ ಬಂದಾಗ ವಾರ್ಡು ಬೇರೆಯೇ ಆಗಿರುತ್ತದೆ. ಸ್ನಾನ, ತಿಂಡಿ ಮುಗಿದಿರುತ್ತದೆ. ‘ಹೇಗಿದ್ದೀರಿ?’ ಎಂದರೆ ‘ಚೆನ್ನಾಗಿದ್ದೀನಿ ಸಾರ್’ ಎನ್ನುತ್ತಾರೆ. ಆ ಐದು ನಿಮಿಷದ ಮಾತಿನಲ್ಲಿ ಕಾಣದ್ದನ್ನು ವೈದ್ಯರು ತಿಳಿಯುವುದು ರಾತ್ರಿ ಬರೆದ ಆ ಸಾಲುಗಳಿಂದ. ಯಾರ ಮಾತ್ರೆ ಬದಲಾಗಬೇಕು, ಯಾರನ್ನು ಇನ್ನೂ ಮನೆಗೆ ಕಳಿಸಬಾರದು ಎಂಬ ತೀರ್ಮಾನದ ಹಿಂದೆ ಆ ಬರವಣಿಗೆ ಇರುತ್ತದೆ.

ಮಾನಸಿಕ ಆರೋಗ್ಯ ಎಂದ ಕೂಡಲೇ ನಮಗೆ ಮನೋವೈದ್ಯರು ನೆನಪಾಗುತ್ತಾರೆ, ಆಪ್ತಸಮಾಲೋಚಕರು ನೆನಪಾಗುತ್ತಾರೆ. ನರ್ಸ್ ಎಂದರೆ ಮಾತ್ರೆ ಹಂಚುವವರು, ಇಂಜೆಕ್ಷನ್ ಕೊಡುವಾಗ ಗಟ್ಟಿಯಾಗಿ ಹಿಡಿದುಕೊಳ್ಳುವವರು ಎಂಬ ಚಿತ್ರ ಸಿನಿಮಾಗಳಿಂದ ನಮ್ಮ ತಲೆಯಲ್ಲಿ ಕೂತಿದೆ. ಆದರೆ ರೋಗಿಯ ಜೊತೆ ಅತಿ ಹೆಚ್ಚು ಗಂಟೆ ಕಳೆಯುವವರು ಅವರೇ. ಮನಸ್ಸಿನ ಕಾಯಿಲೆಯಲ್ಲಿ ಆ ಗಂಟೆಗಳೇ ಚಿಕಿತ್ಸೆಯ ದೊಡ್ಡ ಪಾಲು.

ನೋಡುವುದೇ ಪರೀಕ್ಷೆ

ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ, ಮೂಳೆ ಮುರಿದರೆ ಎಕ್ಸ್‌ರೇ ಇದೆ. ಖಿನ್ನತೆಯನ್ನೋ, ಇಲ್ಲದ ದನಿ ಕೇಳಿಸುವಂಥ ಸ್ಕಿಜೋಫ್ರೇನಿಯಾವನ್ನೋ ಹೀಗೆ ಹಿಡಿದು ತೋರಿಸುವ ಪರೀಕ್ಷೆ ಇಲ್ಲ. ಥೈರಾಯ್ಡ್ ತೊಂದರೆಯಂಥ ಬೇರೆ ಕಾರಣ ಇದೆಯೇ ಎಂದು ನೋಡಲು ರಕ್ತ ತೆಗೆಯುತ್ತಾರೆ, ಅಷ್ಟೇ. ಉಳಿದದ್ದೆಲ್ಲ ಆ ವ್ಯಕ್ತಿ ಏನು ಹೇಳುತ್ತಾರೆ, ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೇಲೆ ನಿಂತಿದೆ.

ಆದ್ದರಿಂದ ನರ್ಸ್ ನೋಡುವ ಸಣ್ಣ ಸಂಗತಿಗಳಿಗೆ ದೊಡ್ಡ ಬೆಲೆ. ಎರಡು ಗಂಟೆಗೇ ಎಚ್ಚರವಾಗಿ, ಬೆಳಗಾದರೆ ಸಾಕಪ್ಪಾ ಎಂದು ಹೊರಳಾಡುವವರಲ್ಲಿ ಖಿನ್ನತೆ ಆಳವಾಗಿರಬಹುದು. ಮೂರೇ ಗಂಟೆ ಮಲಗಿ, ಆಯಾಸವೇ ಇಲ್ಲದೆ ವಾರ್ಡಿನವರನ್ನೆಲ್ಲ ಎಬ್ಬಿಸಿ ಮಾತಾಡಿಸುವವರಲ್ಲಿ ಮನಸ್ಸು ಅತಿಯಾಗಿ ಏರುವ ಉನ್ಮಾದ ಇರಬಹುದು. ಅನ್ನದ ತಟ್ಟೆಯನ್ನು ಮೂಸಿ ಪಕ್ಕಕ್ಕಿಡುವವರಿಗೆ ಹಸಿವಿಲ್ಲವೇ, ಅಥವಾ ವಿಷ ಬೆರೆಸಿದ್ದಾರೆಂಬ ಭಯವೇ? ಇದನ್ನು ತಿಳಿಯಬೇಕಾದರೆ ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಾದರೂ ಇರಬೇಕು.

ಆತ್ಮಹತ್ಯೆಯ ಯೋಚನೆಯಿಂದ ಬಂದು ಸೇರಿದವರ ವಿಷಯದಲ್ಲಿ ಈ ಗಮನ ಇನ್ನೂ ಮುಖ್ಯ. ಚಿಕಿತ್ಸೆ ಶುರುವಾದಾಗ ಕೆಲವರಲ್ಲಿ ಮೈಗೆ ಚೈತನ್ಯ ಮೊದಲು ಬರುತ್ತದೆ, ಮನಸ್ಸಿನ ನೋವು ಇಳಿಯುವುದು ನಿಧಾನ. ಎದ್ದು ಓಡಾಡುತ್ತಿದ್ದಾರೆ, ಗುಣವಾಯಿತು ಎಂದು ಮನೆಯವರು ಉಸಿರುಬಿಡುವ ಹೊತ್ತಿನಲ್ಲೇ ಅಪಾಯ ಇರಬಹುದು ಎಂದು ಮನೋಶುಶ್ರೂಷೆಯ ತರಬೇತಿಯಲ್ಲಿ ಮತ್ತೆ ಮತ್ತೆ ಹೇಳಿಕೊಡುತ್ತಾರೆ.

ಸರಪಳಿ ಬಿಚ್ಚಿದವರು

ಮಾನಸಿಕ ರೋಗಿಗಳ ಸರಪಳಿ ಬಿಚ್ಚಿಸಿದ ಕೀರ್ತಿ ಫ್ರಾನ್ಸಿನ ವೈದ್ಯ ಫಿಲಿಪ್ ಪಿನೆಲ್ ಅವರಿಗೆ ಸಲ್ಲುವುದು ವಾಡಿಕೆ. ಆದರೆ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ 1797ರಲ್ಲಿ ಕಬ್ಬಿಣದ ಸರಪಳಿಗಳನ್ನು ತೆಗೆಸಿದವರು ಝಾನ್ ಬಾಪ್ತಿಸ್ತ್ ಪುಸ್ಸಾ. ಅವರು ವೈದ್ಯರಾಗಿರಲಿಲ್ಲ. ಅದೇ ಆಸ್ಪತ್ರೆಯಲ್ಲಿ ಕತ್ತಿನ ಗಂಟಿನ ಕಾಯಿಲೆಗೆ ಚಿಕಿತ್ಸೆ ಪಡೆದು, ಅಲ್ಲೇ ಕೆಲಸಕ್ಕೆ ಸೇರಿ, ಮನೋರೋಗಿಗಳ ವಾರ್ಡಿನ ಮೇಲ್ವಿಚಾರಕರಾದವರು. ರೋಗಿಗಳ ಜೊತೆ ಹಗಲಿರುಳು ಇದ್ದುದರಿಂದ ಯಾರ ಸಿಟ್ಟು ಎಷ್ಟು ಹೊತ್ತಿನದು, ಯಾರನ್ನು ಮಾತಿನಿಂದ ತಣಿಸಬಹುದು ಎಂಬುದು ಅವರಿಗೆ ಗೊತ್ತಿತ್ತು. ಪುಸ್ಸಾ ಅವರಿಂದ ತಾವು ಕಲಿತದ್ದನ್ನು ಪಿನೆಲ್ ತಮ್ಮ ಬರಹಗಳಲ್ಲಿ ಒಪ್ಪಿಕೊಂಡಿದ್ದಾರೆ.

ಆ ತಿಳಿವಳಿಕೆ ಒಂದು ಶಾಸ್ತ್ರವಾಗಲು ಬಹಳ ಕಾಲ ಹಿಡಿಯಿತು. ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲಿ ಪ್ರಕಟಿಸಿದ ಪುಸ್ತಕ ಈ ಕ್ಷೇತ್ರದ ದಿಕ್ಕನ್ನು ಬದಲಿಸಿತು. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಗುಣವಾಗುವ ದಾರಿ, ಅದಕ್ಕೆ ಹಂತಗಳಿವೆ, ಅದನ್ನು ಕಲಿಯಬಹುದು ಮತ್ತು ಕಲಿಸಬಹುದು ಎಂದು ಅವರು ವಾದಿಸಿದರು. ಪುಸ್ತಕ 1948ರಲ್ಲೇ ಸಿದ್ಧವಾಗಿತ್ತು. ವೈದ್ಯರೊಬ್ಬರ ಹೆಸರು ಜೊತೆಗಿಲ್ಲದೆ ನರ್ಸ್ ಒಬ್ಬರೇ ಇಂಥದನ್ನು ಬರೆಯುವುದು ಆ ಕಾಲಕ್ಕೆ ಅತಿಯೆನಿಸಿ, ಅಚ್ಚಾಗುವುದು ನಾಲ್ಕು ವರ್ಷ ತಡವಾಯಿತು.

ಅದೇ ದಶಕದಲ್ಲಿ ಬೆಂಗಳೂರಿನಲ್ಲೂ ಹೊಸ ಕೆಲಸ ಶುರುವಾಯಿತು. ಹೊಸೂರು ರಸ್ತೆಯ ಮೈಸೂರು ಸರ್ಕಾರಿ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1956ರಲ್ಲಿ ಅಲ್ಲಿ ಮನೋಶುಶ್ರೂಷೆಯ ಒಂದು ವರ್ಷದ ಡಿಪ್ಲೊಮಾ ತೆರೆಯಿತು. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಈಗ ಬಿ.ಎಸ್ಸಿ. ನರ್ಸಿಂಗ್ ಓದುವವರೆಲ್ಲರಿಗೂ ಮಾನಸಿಕ ಆರೋಗ್ಯದ ಪಾಠ, ಮನೋರೋಗ ವಾರ್ಡಿನ ತರಬೇತಿ ಕಡ್ಡಾಯ.

ಮಾತಾಡುವ ರೀತಿ

ಗೋಡೆಯ ಜೊತೆ ಮಾತಾಡುವ ಹುಡುಗನಿಗೆ ‘ಅಲ್ಲಿ ಯಾರೂ ಇಲ್ಲ, ಸುಮ್ಮನೆ ಮಲಗು’ ಎಂದರೆ ಏನಾಗುತ್ತದೆ? ಅವನಿಗೆ ಆ ದನಿ ನಮ್ಮ ದನಿಯಷ್ಟೇ ನಿಜವಾಗಿ ಕೇಳುತ್ತಿರುತ್ತದೆ. ಇಲ್ಲ ಎಂದವರ ಮೇಲೆ ಅವನ ನಂಬಿಕೆ ಹೋಗುತ್ತದೆ. ‘ಹೌದು, ನನಗೂ ಕೇಳಿಸ್ತಿದೆ’ ಎನ್ನುವುದು ಸುಳ್ಳು, ಭ್ರಮೆಗೆ ಇನ್ನಷ್ಟು ಬಲ ಕೊಡುವ ಸುಳ್ಳು.

ತರಬೇತಾದ ನರ್ಸ್ ಹಿಡಿಯುವ ದಾರಿ ಬೇರೆ. ‘ನನಗೆ ಆ ಮಾತು ಕೇಳಿಸ್ತಿಲ್ಲ ಕಣಪ್ಪ, ಆದರೆ ನಿನಗೆ ಕೇಳಿಸ್ತಿದೆ, ಅದರಿಂದ ಭಯ ಆಗ್ತಿದೆ ಅಂತ ಗೊತ್ತಾಗ್ತಿದೆ. ನಾನು ಇಲ್ಲೇ ಇರ್ತೀನಿ.’ ಇಷ್ಟಾದ ಮೇಲೆ ಒಂದು ಪ್ರಶ್ನೆಯನ್ನು ಬಿಡದೆ ಕೇಳುತ್ತಾರೆ: ಆ ದನಿ ಏನಾದರೂ ಮಾಡು ಅಂತ ಹೇಳ್ತಿದೆಯಾ? ಯಾರಿಗಾದರೂ ಹೊಡಿ, ನೀನು ಸಾಯಿ ಎಂದು ದನಿ ಅಪ್ಪಣೆ ಕೊಡುತ್ತಿದ್ದರೆ ಅದನ್ನು ಬೆಳಗಿನವರೆಗೆ ಕಾಯಿಸುವಂತಿಲ್ಲ.

ಸಾಯುವ ಯೋಚನೆಯ ಬಗ್ಗೆಯೂ ಹೀಗೆಯೇ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂದು ಮನೆಯವರು ಹೆದರುತ್ತಾರೆ. ಆದರೆ ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದು ಸಂಶೋಧನೆಗಳು ಹೇಳುತ್ತವೆ. ಕಾಳಜಿಯಿಂದ ಕೇಳಿದಾಗ ಎಷ್ಟೋ ಜನ ಮೊದಲ ಸಲ ಬಾಯಿಬಿಡುತ್ತಾರೆ, ಮತ್ತು ಹಾಗೆ ಕೇಳುವ ಅವಕಾಶ ಹೆಚ್ಚಾಗಿ ಸಿಗುವುದು ತಲೆ ಬಾಚುವಾಗ, ಬಿಪಿ ನೋಡುವಾಗ, ಜೊತೆ ಕಾರಿಡಾರಿನಲ್ಲಿ ನಡೆಯುವಾಗ.

ಮಾತ್ರೆ ಕೊಟ್ಟ ಮೇಲೆ

ಮಾತ್ರೆ ಬರೆಯುವವರು ವೈದ್ಯರು. ಅದು ಮೈಯಲ್ಲಿ ಏನು ಮಾಡುತ್ತಿದೆ ಎಂದು ಮೊದಲು ಕಾಣುವುದು ನರ್ಸ್‌ಗಳಿಗೆ.

ಭ್ರಮೆಗೆ ಕೊಡುವ ಕೆಲವು ಔಷಧಿಗಳಿಂದ ಕೆಲವರ ಕತ್ತು ಇದ್ದಕ್ಕಿದ್ದಂತೆ ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ನಿಲ್ಲುತ್ತದೆ, ನಾಲಿಗೆ ಹೊರಚಾಚುತ್ತದೆ. ನೋಡಿದ ಮನೆಯವರು ಮೈಮೇಲೆ ಏನೋ ಬಂದಿದೆ ಎಂದುಕೊಂಡು ಮಾತ್ರೆ ನಿಲ್ಲಿಸಿಬಿಡುತ್ತಾರೆ. ತಕ್ಕ ಇಂಜೆಕ್ಷನ್ ಕೊಟ್ಟರೆ ನಿಮಿಷಗಳಲ್ಲಿ ಸರಿಹೋಗುವ ತೊಂದರೆ ಇದು. ಇನ್ನೊಂದು ಅಡ್ಡಪರಿಣಾಮ, ಕೂತಲ್ಲಿ ಕೂರಲಾಗದ ಚಡಪಡಿಕೆ. ಕಾಲು ಸುಮ್ಮನಿರುವುದಿಲ್ಲ, ಅತ್ತಿಂದಿತ್ತ ನಡೆಯುತ್ತಲೇ ಇರಬೇಕೆನಿಸುತ್ತದೆ. ಕಾಯಿಲೆಯೇ ಹೆಚ್ಚಾಗಿದೆ ಎಂದು ತಪ್ಪು ತಿಳಿದು ಡೋಸ್ ಏರಿಸಿದರೆ ಹಿಂಸೆ ಇಮ್ಮಡಿಯಾಗುತ್ತದೆ. ಕಾಯಿಲೆಯ ತಳಮಳವನ್ನೂ ಔಷಧಿಯ ಚಡಪಡಿಕೆಯನ್ನೂ ಬೇರೆ ಮಾಡಿ ಗುರುತಿಸುವುದು ಅನುಭವದ ಕಣ್ಣಿನ ಕೆಲಸ.

ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ಬಹಳ ಒಳ್ಳೆಯ ಔಷಧಿ. ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ವಾಂತಿ, ಭೇದಿ, ಬಿರುಬಿಸಿಲಿನ ದುಡಿಮೆಯಿಂದ ಮೈಯ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗುವುದು, ಮಾತು ತೊದಲುವುದು, ನಡೆಯುವಾಗ ವಾಲುವುದು ಎಚ್ಚರಿಕೆಯ ಗುರುತು. ನಿರ್ಜಲ ಉಪವಾಸ ಬೇಡ, ಗದ್ದೆ ಕೆಲಸದ ನಡುವೆ ನೀರು ಕುಡಿಯುತ್ತಿರಿ, ಭೇದಿ ಹಿಡಿದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ ಎಂದು ಡಿಸ್ಚಾರ್ಜ್ ದಿನ ಕೂರಿಸಿ ಹೇಳುವವರು ಸಿಸ್ಟರ್.

ಈ ಎಚ್ಚರ ಮನೋರೋಗ ವಾರ್ಡಿಗೆ ಮಾತ್ರ ಸೀಮಿತವೂ ಅಲ್ಲ. ಕಾಲು ಮುರಿದು ಮೂಳೆ ವಾರ್ಡಿಗೆ ಸೇರಿದವರು ಎರಡನೇ ಮೂರನೇ ದಿನ ಬೆವರಿ, ನಡುಗಿ, ಯಾರ್‍ಯಾರನ್ನೋ ಕರೆಯತೊಡಗಿದರೆ ಅದು ಕುಡಿತ ದಿಢೀರನೆ ನಿಂತದ್ದರ ಪರಿಣಾಮ ಇರಬಹುದು, ಗಮನಿಸದಿದ್ದರೆ ಜೀವಕ್ಕೆ ಅಪಾಯ. ಕ್ರಿಮಿನಾಶಕ ಕುಡಿದು ಕ್ಯಾಶುವಾಲ್ಟಿಗೆ ಬಂದವರನ್ನು ಗದರಿಸುವುದೋ, ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವುದೋ ಎಂಬುದು ಅಲ್ಲಿನ ನರ್ಸ್‌ಗಳ ತರಬೇತಿಯ ಮೇಲೆ ನಿಂತಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

ಕಟ್ಟುವ ಮುನ್ನ

2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ಮನೋರೋಗಿಗಳನ್ನು ಇರಿಸಿಕೊಂಡಿದ್ದ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದರಿಂದ ಓಡಲಾಗದೆ 28 ಜನ ಸತ್ತರು. ಈಗಿನ ಕಾಯ್ದೆಯಲ್ಲಿ ಸರಪಳಿ ಹಾಕುವುದು ನಿಷಿದ್ಧ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಯಾರಿಗಾದರೂ ತಕ್ಷಣ ಹಾನಿಯಾಗುವ ಸ್ಥಿತಿಯಲ್ಲಿ, ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಒಪ್ಪಿಗೆಯಿಂದ ಅತಿ ಕಡಿಮೆ ಹೊತ್ತು ಮಾತ್ರ ತಡೆದು ಹಿಡಿಯಬಹುದು. ಅದರ ಕಾರಣ, ರೀತಿ, ಅವಧಿ ಎಲ್ಲವೂ ದಾಖಲಾಗಬೇಕು.

ಕಾಯ್ದೆಯ ಈ ಸಾಲುಗಳು ವಾರ್ಡಿನಲ್ಲಿ ನಿಜವಾಗುವುದು ನರ್ಸ್‌ಗಳಿಂದ. ಸಿಟ್ಟು ಒಮ್ಮೆಲೇ ಸಿಡಿಯುವುದು ಅಪರೂಪ. ಮುಷ್ಟಿ ಬಿಗಿಯುತ್ತದೆ, ದನಿ ಏರುತ್ತದೆ, ಓಡಾಟ ಹೆಚ್ಚುತ್ತದೆ. ಆಗಲೇ ಸುತ್ತಲಿನ ಗುಂಪನ್ನು ಚದುರಿಸಿ, ಕೈ ಎಟುಕದ ಅಂತರದಲ್ಲಿ ನಿಂತು, ಬಾಗಿಲಿಗೆ ಅಡ್ಡವಾಗದೆ, ತಗ್ಗಿದ ದನಿಯಲ್ಲಿ ‘ಏನಾಯ್ತಣ್ಣ?’ ಎಂದು ಒಬ್ಬರೇ ಮಾತಾಡಿದರೆ ಎಷ್ಟೋ ಸಲ ಹಗ್ಗದ ಮಾತೇ ಬರುವುದಿಲ್ಲ. ಸಿಟ್ಟಿನ ಹಿಂದೆ ಹಸಿವು ಇರಬಹುದು, ಮನೆಯಿಂದ ಬರಬೇಕಿದ್ದ ಫೋನ್ ಬಾರದ ಸಂಕಟ ಇರಬಹುದು.

ಇದು ಬರೀ ಒಳ್ಳೆಯತನದ ಮಾತಲ್ಲ ಎಂಬುದಕ್ಕೆ ಸಾಕ್ಷಿ ಇದೆ. ಇಂಗ್ಲೆಂಡಿನಲ್ಲಿ ನರ್ಸಿಂಗ್ ಪ್ರಾಧ್ಯಾಪಕ ಲೆನ್ ಬವರ್ಸ್ ಅವರ ತಂಡ ‘ಸೇಫ್‌ವಾರ್ಡ್ಸ್’ ಎಂಬ ಕ್ರಮವನ್ನು ರೂಪಿಸಿ 31 ವಾರ್ಡುಗಳಲ್ಲಿ ಪರೀಕ್ಷಿಸಿತು. ಕೆಟ್ಟ ಸುದ್ದಿಯನ್ನು ಮೆತ್ತಗೆ ತಿಳಿಸುವುದು, ಸಿಬ್ಬಂದಿ ಮತ್ತು ರೋಗಿಗಳು ಪರಸ್ಪರರ ಇಷ್ಟಾನಿಷ್ಟ ತಿಳಿದುಕೊಳ್ಳುವುದು, ಆಡುವ ಮಾತಿನಲ್ಲಿ ಮೃದುತನ ತರುವುದು, ಇಂಥ ಹತ್ತು ಸರಳ ಕೆಲಸಗಳು ಅದರಲ್ಲಿದ್ದವು. ಅವುಗಳನ್ನು ಅಳವಡಿಸಿದ ವಾರ್ಡುಗಳಲ್ಲಿ ಜಗಳಗಳು ಸುಮಾರು ಶೇ 15ರಷ್ಟು, ಬಲವಂತದ ಕ್ರಮಗಳು ಶೇ 26ರಷ್ಟು ಕಡಿಮೆಯಾದವು.

ಮನೆಯವರಿಗೂ ಪಾಠ

ನಮ್ಮ ದೇಶದಲ್ಲಿ ರೋಗಿ ಒಬ್ಬರೇ ಆಸ್ಪತ್ರೆಗೆ ಬರುವುದು ಕಡಿಮೆ. ಅಮ್ಮನೋ ಅಣ್ಣನೋ ಹೆಂಡತಿಯೋ ಜೊತೆಗೆ ಇರುತ್ತಾರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ಮನೆಯವರನ್ನೂ ಉಳಿಸಿಕೊಂಡರು. ಮನೆಯವರು ಜೊತೆಗಿದ್ದರೆ ರೋಗಿ ಬೇಗ ಮನೆಗೆ ಮರಳುತ್ತಾರೆ ಎಂಬುದು ಅಲ್ಲಿ ಕಂಡುಬಂತು.

ಜೊತೆಗಿರುವವರಿಗೆ ಹೇಳಿಕೊಡುವ ಕೆಲಸ ಹೆಚ್ಚಾಗಿ ನರ್ಸ್‌ಗಳದ್ದು. ‘ಸೋಮಾರಿ, ನಾಟಕ ಮಾಡ್ತಾನೆ’ ಎಂದು ತಂದೆ ಬೈಯುತ್ತಿದ್ದರೆ, ಎದ್ದು ಸ್ನಾನ ಮಾಡುವ ಹುಮ್ಮಸ್ಸೇ ಇಲ್ಲದಿರುವುದು ಕಾಯಿಲೆಯ ಲಕ್ಷಣ ಎಂದು ತಿಳಿಹೇಳಬೇಕು. ಮನೆಯಲ್ಲಿ ಟೀಕೆ, ಕೂಗಾಟ ಹೆಚ್ಚಿದ್ದರೆ ಸ್ಕಿಜೋಫ್ರೇನಿಯಾ ಮರುಕಳಿಸುವ ಸಾಧ್ಯತೆಯೂ ಹೆಚ್ಚು ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಹರಕೆ, ಪೂಜೆ ಮಾಡಬೇಕೆನ್ನುವವರನ್ನು ಹೀಗಳೆಯದೆ, ‘ದೇವಸ್ಥಾನಕ್ಕೆ ಹೋಗಿ ಬನ್ನಿ, ಮಾತ್ರೆ ಮಾತ್ರ ಬಿಡಬೇಡಿ’ ಎಂದು ಹೇಳುವ ಜಾಣತನವೂ ಬೇಕು. ಆರೈಕೆ ಮಾಡುವ ತಾಯಿಗೇ ನಿದ್ದೆಯಿಲ್ಲ, ಆಕೆಗೂ ಚಿಕಿತ್ಸೆ ಬೇಕು ಎಂದು ಎಷ್ಟೋ ಸಲ ಮೊದಲು ಗುರುತಿಸುವವರು ಸಿಸ್ಟರ್.

ಮನೆ ಬಾಗಿಲಿಗೆ ಬಂದ ನರ್ಸ್

ಕರ್ನಾಟಕದ ಓದುಗರು ತಿಳಿದಿರಬೇಕಾದ ಒಂದು ಅಧ್ಯಯನ ಬೆಂಗಳೂರಿನಲ್ಲೇ ನಡೆಯಿತು. 1980ರ ದಶಕದ ಆರಂಭದಲ್ಲಿ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಸ್ಕಿಜೋಫ್ರೇನಿಯಾ ಇದ್ದವರ ಎರಡು ಗುಂಪುಗಳನ್ನು ಹೋಲಿಸಿ ನೋಡಿದರು. ಒಂದೊಂದರಲ್ಲೂ 27 ಜನ. ಒಂದು ಗುಂಪಿನವರು ಆಸ್ಪತ್ರೆಗೆ ಸೇರಿದರು. ಇನ್ನೊಂದು ಗುಂಪಿನವರು ಮನೆಯಲ್ಲೇ ಉಳಿದರು, ನರ್ಸ್ ಒಬ್ಬರು ಅವರ ಮನೆಗೆ ತಪ್ಪದೆ ಹೋಗಿ ಬರುತ್ತಿದ್ದರು. ಕಾಯಿಲೆಯ ಲಕ್ಷಣ, ದಿನದ ಕೆಲಸ, ಜನರೊಡನೆ ಬೆರೆಯುವುದು, ಮನೆಯವರ ಮೇಲಿನ ಹೊರೆ, ಖರ್ಚು ಇವೆಲ್ಲದರಲ್ಲೂ ನರ್ಸ್ ಮನೆಗೆ ಹೋದ ಗುಂಪೇ ಮೇಲಾಗಿತ್ತು.

ಆಸ್ಪತ್ರೆಯ ಗೇಟಿನಿಂದ ಆಚೆ ಆರೈಕೆಯನ್ನು ಒಯ್ಯುವ ಕೆಲಸಕ್ಕೂ ನಮ್ಮ ನಾಡು ಮೊದಲ ಪ್ರಯೋಗಶಾಲೆಗಳಲ್ಲೊಂದು. ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನೋಡಿತು. ಆ ಬಳ್ಳಾರಿ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅದರ ತಂಡದಲ್ಲಿ ಮನೋವೈದ್ಯರ ಜೊತೆ ಮನೋಶುಶ್ರೂಷಕರಿಗೂ ಜಾಗವಿದೆ. ಕರ್ನಾಟಕದಲ್ಲಿ ‘ಮನೋಚೈತನ್ಯ’ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ತಪಾಸಣೆ ನಡೆಯುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆಯ ಬದಲಿಗೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್‌ಗೆ ಯಾರು ಬರಲಿಲ್ಲ, ಏಕೆ ಬರಲಿಲ್ಲ ಎಂದು ವಿಚಾರಿಸಿ ಕರೆತರುವವರು ಇದ್ದಾಗ ಮಾತ್ರ ಈ ವ್ಯವಸ್ಥೆ ಉಸಿರಾಡುತ್ತದೆ. ಬಸ್ಸಿಗೆ ಕಾಸಿರಲಿಲ್ಲ ಎಂಬ ಕಾರಣಕ್ಕೆ ಇಂಜೆಕ್ಷನ್ ತಪ್ಪಿಸಿಕೊಂಡವರಿಗೆ ಕಾಯಿಲೆ ಮರುಕಳಿಸದಂತೆ ಕಾಯುವವರು ಊರು ಸುತ್ತುವ ನರ್ಸ್.

ಲಕ್ಷಕ್ಕೆ ಒಬ್ಬರೂ ಇಲ್ಲ

ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ದೂರವಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2017ರ ಮಾನಸಿಕ ಆರೋಗ್ಯ ಅಟ್ಲಾಸ್ ಲೆಕ್ಕದಂತೆ ಭಾರತದಲ್ಲಿ ಲಕ್ಷ ಜನರಿಗೆ ಮಾನಸಿಕ ಆರೋಗ್ಯ ಕ್ಷೇತ್ರದ ನರ್ಸ್‌ಗಳು 0.8, ಮನೋವೈದ್ಯರು 0.29.

ಇರುವವರ ಬಳಕೆಯೂ ಸರಿಯಾಗಿಲ್ಲ. ಮನೋಶುಶ್ರೂಷೆಯಲ್ಲಿ ವಿಶೇಷ ತರಬೇತಿ ಪಡೆದವರನ್ನು ಶಸ್ತ್ರಚಿಕಿತ್ಸೆ ವಾರ್ಡಿಗೆ, ಹೆರಿಗೆ ವಾರ್ಡಿಗೆ ಹಾಕುವುದು ಆಸ್ಪತ್ರೆಗಳಲ್ಲಿ ಮಾಮೂಲು. ಗಂಟೆಗಟ್ಟಲೆ ಒಬ್ಬರ ನೋವು ಕೇಳುವುದು, ಬೈಗುಳ ಮತ್ತು ಕೆಲವೊಮ್ಮೆ ಏಟು ತಿನ್ನುವುದು, ತಾವು ನೋಡಿಕೊಂಡ ರೋಗಿ ಆತ್ಮಹತ್ಯೆ ಮಾಡಿಕೊಂಡಾಗ ಆ ದುಃಖವನ್ನು ನುಂಗಿ ಮರುದಿನ ಡ್ಯೂಟಿಗೆ ಬರುವುದು, ಇವೆಲ್ಲ ಮನಸ್ಸನ್ನು ಸವೆಸುತ್ತವೆ. ನರ್ಸ್‌ಗಳ ಮಾತು ಕೇಳಲು ಒಬ್ಬರನ್ನು ನೇಮಿಸುವ ಆಸ್ಪತ್ರೆಗಳು ವಿರಳ. ಮನೆಯಲ್ಲೂ ‘ಮೆಂಟಲ್ ಆಸ್ಪತ್ರೇಲಿ ಕೆಲಸವಾ?’ ಎಂಬ ಪ್ರಶ್ನೆ ಕೇಳಿಸಿಕೊಳ್ಳುತ್ತಾರೆ.

ಕಾನೂನು ಕೊಟ್ಟ ಮಾತು

2017ರ ಕಾಯ್ದೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ 15 ವರ್ಷ ಅನುಭವದ ಒಬ್ಬ ಮನೋಶುಶ್ರೂಷಕರು ಸದಸ್ಯರಾಗಿರಬೇಕು ಎಂದು ಹೇಳಿದೆ. ನೀತಿ ರೂಪಿಸುವ ಮೇಜಿನಲ್ಲಿ ಅವರಿಗೊಂದು ಕುರ್ಚಿ ಸಿಕ್ಕಿದೆ. ಅದಕ್ಕಿಂತ ದೊಡ್ಡ ಮಾತು ಅದೇ ಕಾಯ್ದೆಯ 97ನೇ ಕಲಮಿನಲ್ಲಿದೆ: ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ರೋಗಿಯನ್ನು ಕಟ್ಟುವಂತಿಲ್ಲ.

ಈ ಸಾಲಿಗೆ ಅರ್ಥ ಬರಬೇಕಾದರೆ ಸಿಬ್ಬಂದಿ ಇರಬೇಕು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರನ್ನೇ ಬಿಟ್ಟು, ಕಟ್ಟಬೇಡಿ ಎಂದು ಆದೇಶಿಸಿದರೆ ಹೊಣೆಯನ್ನೆಲ್ಲ ಆ ಒಬ್ಬರ ಮೇಲೆ ಹೇರಿದಂತೆ. ತರಬೇತಾದವರನ್ನು ಅದೇ ವಾರ್ಡಿನಲ್ಲಿ ಉಳಿಸುವುದು, ಪ್ರತಿ ಜಿಲ್ಲೆಯಲ್ಲೂ ಮನೆಮನೆಗೆ ಹೋಗುವ ಮನೋಶುಶ್ರೂಷಕರನ್ನು ನೇಮಿಸುವುದು, ಸಾಮಾನ್ಯ ವಾರ್ಡಿನ ನರ್ಸ್‌ಗಳಿಗೂ ಆತ್ಮಹತ್ಯೆ ತಡೆಯ ತರಬೇತಿ ಕೊಡುವುದು, ಇವು ದೊಡ್ಡ ಕಟ್ಟಡ, ದುಬಾರಿ ಯಂತ್ರ ಬೇಡುವ ಕೆಲಸಗಳಲ್ಲ.

ಓದುಗರಾದ ನಾವು ಮಾಡಬಹುದಾದದ್ದೂ ಇದೆ. ಮನೆಯವರನ್ನು ಡಿಸ್ಚಾರ್ಜ್ ಮಾಡಿಸಿಕೊಳ್ಳುವಾಗ ಬಿಲ್ಲು, ಮಾತ್ರೆ ಚೀಟಿ ತೆಗೆದುಕೊಂಡು ಹೊರಟುಬಿಡಬೇಡಿ. ಕಾಯಿಲೆ ಮರಳುತ್ತಿದೆ ಎಂಬುದಕ್ಕೆ ಮೊದಲ ಗುರುತು ಯಾವುದು, ಮಾತ್ರೆ ತಪ್ಪಿದರೆ ಏನು ಮಾಡಬೇಕು, ರಾತ್ರಿ ತೊಂದರೆಯಾದರೆ ಯಾರನ್ನು ಕರೆಯಬೇಕು ಎಂದು ಸಿಸ್ಟರ್ ಬಳಿ ಕೂತು ಕೇಳಿ ಬರೆದುಕೊಳ್ಳಿ. ನಮ್ಮೂರ ಆಸ್ಪತ್ರೆಗೆ ಮನೋವೈದ್ಯರು ಬೇಕು ಎಂದು ಜನಪ್ರತಿನಿಧಿಗಳಿಗೆ ಮನವಿ ಕೊಡುವಾಗ ಅದೇ ಅರ್ಜಿಯ ಎರಡನೇ ಸಾಲಿನಲ್ಲಿ ಮನೋಶುಶ್ರೂಷಕರ ಹುದ್ದೆಯನ್ನೂ ಹೆಸರಿಸಿ ಕೇಳಿ. ಮನೋವೈದ್ಯರು ರೌಂಡ್ಸಿನ ಒಂದು ಗಂಟೆಯಲ್ಲಿ ಬರೆದ ಚಿಕಿತ್ಸೆಯನ್ನು ಉಳಿದ ಇಪ್ಪತ್ತಮೂರು ಗಂಟೆ ನಡೆಸುವವರು ಇಲ್ಲದಿದ್ದರೆ ಆ ಒಂದು ಗಂಟೆಯೂ ವ್ಯರ್ಥವಾಗುತ್ತದೆ.